ಬ್ಯೂನಸ್ ಐರಿಸ್‌ನ ಡಾನ್ ಹೂಲಿಯೊದಲ್ಲಿ ಊಟ: ಕಾಯುವುದಕ್ಕೆ ತಕ್ಕದ್ದೇ, ಏನನ್ನು ತರಿಸಿಕೊಳ್ಳಬೇಕು?

ತುಂಗಾತೀರ:

ಮಾರ್ಚ್ ತಿಂಗಳಲ್ಲಿ ನಾವು ನಾಲ್ವರು ಪೆಟಗೋನಿಯಾಕ್ಕೆ ಹೊರಟಿದ್ದು, ಹೋಗುವ ದಾರಿಯಲ್ಲಿ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಕೆಲವು ದಿನ ತಂಗುವವರಿದ್ದೇವೆ. ಆ ಊರಿಗೆ ಹೋಗಿಬಂದವರೆಲ್ಲ ಪಲೆರ್ಮೊ ಬಡಾವಣೆಯ ಡಾನ್ ಹೂಲಿಯೊ ಎಂಬ ಮಾಂಸದೂಟದ ಹೋಟೆಲಿನ ಹೆಸರನ್ನು ಹೇಳದೆ ಬಿಡುವುದಿಲ್ಲ. ಲ್ಯಾಟಿನ್ ಅಮೆರಿಕದ 50 ಉತ್ತಮ ಹೋಟೆಲುಗಳ ಪಟ್ಟಿಯಲ್ಲಿ ಅದು 2020ರಲ್ಲೂ 2024ರಲ್ಲೂ ಮೊದಲ ಸ್ಥಾನದಲ್ಲಿತ್ತು, 2023ರಲ್ಲಿ ಹೋಟೆಲುಗಳಿಗೆ ನಕ್ಷತ್ರ ಕೊಟ್ಟು ಅಳೆಯುವ ಮಿಷೆಲಿನ್ ಮಾರ್ಗದರ್ಶಿ ಮೊದಲ ಬಾರಿಗೆ ಅರ್ಜೆಂಟೀನಾಕ್ಕೆ ಬಂದಾಗ ಒಂದು ನಕ್ಷತ್ರವನ್ನೂ ಪಡೆಯಿತು ಎಂಬಷ್ಟನ್ನು ಓದಿಕೊಂಡಿದ್ದೇನೆ. ಪಟ್ಟಿಗಳನ್ನು ನಂಬಿ ಊಟಕ್ಕೆ ಹೋಗುವ ಅಭ್ಯಾಸ ನನಗಿಲ್ಲವಾದರೂ, ಅಷ್ಟು ದೂರ ಹೋಗಿ ಅದನ್ನು ಬಿಟ್ಟುಬರುವುದೂ ಸರಿಯೆನಿಸುವುದಿಲ್ಲ.

ನಮ್ಮ ಗುಂಪಿನ ಸಂಗತಿ ಸ್ವಲ್ಪ ತೊಡಕಿನದು. ನಾನು ಮತ್ತು ನನ್ನ ತಮ್ಮ ದನದ ಮಾಂಸವನ್ನು ತಿನ್ನುತ್ತೇವೆ. ತಮ್ಮನ ಹೆಂಡತಿ ಕೋಳಿ, ಕುರಿ, ಹಂದಿಯ ಮಾಂಸವನ್ನು ತಿನ್ನುತ್ತಾರೆ, ದನದ್ದನ್ನು ಮುಟ್ಟುವುದಿಲ್ಲ. ನನ್ನ ಹೆಂಡತಿ ಸಸ್ಯಾಹಾರಿ, ಮೊಟ್ಟೆ ಮಾತ್ರ ಆಗುತ್ತದೆ. ನಾಲ್ವರೂ ಒಂದೇ ಮೇಜಿನಲ್ಲಿ ಕುಳಿತು ನೆಮ್ಮದಿಯಾಗಿ ಉಣ್ಣುವುದು ಅಲ್ಲಿ ಸಾಧ್ಯವೇ? ಅಲ್ಲಿ ಊಟ ಮಾಡಿದವರು, ಆ ಊರಿನಲ್ಲಿ ಇರುವವರು ದಯವಿಟ್ಟು ತಿಳಿಸಬೇಕು.

ರಿಯೊಪ್ಲಾಟಾ:

ನಾನು ಕೆಲಸದ ನಿಮಿತ್ತ ಈ ಊರಿನಲ್ಲೇ ನೆಲೆಸಿದ್ದೇನೆ, ಮನೆಗೆ ಬಂದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದ ಕರ್ತವ್ಯವಾಗಿಬಿಟ್ಟಿದೆ. ಆದ್ದರಿಂದ ನಡೆಯುವ ಕ್ರಮವನ್ನು ಮೊದಲು ಹೇಳುತ್ತೇನೆ.

ಡಾನ್ ಹೂಲಿಯೊ ಇರುವುದು ಗ್ವಾತೆಮಾಲಾ ಮತ್ತು ಗುರ್ರುಚಾಗಾ ಬೀದಿಗಳು ಕೂಡುವ ಮೂಲೆಯ ಹಳೆಯ ಮನೆಯೊಂದರಲ್ಲಿ. ಪಾಬ್ಲೊ ರಿವೆರೊ ಎಂಬವರು 1999ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗನಾಗಿದ್ದಾಗ, ಮನೆಯವರ ಜೊತೆ ಸೇರಿ ಇದನ್ನು ತೆರೆದರು. ಆಗ ಅದು ಬಡಾವಣೆಯ ಜನ ಊಟಕ್ಕೆ ಬರುವ ಸಾಧಾರಣ ಪರಿಶಾ ಆಗಿತ್ತು. ಕಂಬಿಗಳ ಮೇಲೆ ಮಾಂಸ ಸುಡುವ ಒಲೆಗೂ ಅಂಥ ಒಲೆಯಿರುವ ಹೋಟೆಲಿಗೂ ಇಲ್ಲಿ ಅದೇ ಹೆಸರು. ಇಂದು ಒಳಗೆ ಕಾಲಿಟ್ಟರೆ ಗೋಡೆಯ ಉದ್ದಕ್ಕೂ ಖಾಲಿ ವೈನ್ ಬಾಟಲಿಗಳ ಸಾಲು ಕಾಣುತ್ತದೆ. ಊಟ ಮುಗಿಸಿದವರು ತಾವು ಕುಡಿದ ಬಾಟಲಿಯ ಚೀಟಿಯ ಮೇಲೆ ಹೆಸರನ್ನೋ ಒಂದು ಸಾಲನ್ನೋ ಬರೆದು ಬಿಟ್ಟುಹೋಗುತ್ತಾರೆ, ಅದನ್ನು ತೆಗೆದು ಅಲ್ಲೇ ಜೋಡಿಸಿಡುತ್ತಾರೆ.

ಮೇಜನ್ನು ಮುಂಗಡವಾಗಿ ಕಾದಿರಿಸುವುದೇ ಒಳ್ಳೆಯದು, ಅದೂ ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ. ಸಿಗದಿದ್ದರೆ ನಿರಾಶರಾಗಬೇಡಿ. ಮಧ್ಯಾಹ್ನದ ಊಟಕ್ಕೆ ಬಾಗಿಲು ತೆರೆಯುವ ಮೊದಲೇ ಹೋಗಿ ಹೆಸರು ಬರೆಸಿದವರಿಗೆ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಕಾಯುವವರಿಗೆ ಹೊರಗಡೆಯೇ ಒಂದು ಲೋಟ ನೊರೆವೈನನ್ನೂ ಕಣಕದೊಳಗೆ ಹೂರಣ ತುಂಬಿದ ಎಂಪನಾದಾವನ್ನೂ ಕೊಡುವ ಪದ್ಧತಿ ಇರುವುದರಿಂದ ಸಾಲು ಅಷ್ಟೇನೂ ಬೇಸರ ತರಿಸುವುದಿಲ್ಲ. ರಾತ್ರಿ ಈ ಊರಿನವರು ಒಂಬತ್ತಕ್ಕಿಂತ ಮುಂಚೆ ಊಟಕ್ಕೆ ಏಳುವುದಿಲ್ಲ, ಹತ್ತು ಹತ್ತೂವರೆಗೆ ಹೋಟೆಲು ಕಿಕ್ಕಿರಿಯುತ್ತದೆ. ಸಂಜೆ ಬಾಗಿಲು ತೆರೆದ ಕೂಡಲೇ ಹೋಗುವುದು ನಮ್ಮಂಥ ಬೇಗ ಉಣ್ಣುವವರಿಗೆ ಅನುಕೂಲ, ಆದರೆ ಆಗ ಸುತ್ತ ಕುಳಿತವರೆಲ್ಲ ಪ್ರವಾಸಿಗರೇ ಆಗಿರುತ್ತಾರೆ. ನನ್ನನ್ನು ಕೇಳಿದರೆ ಮಧ್ಯಾಹ್ನವೇ ಲೇಸು. ಅಷ್ಟು ಮಾಂಸ ತಿಂದ ಮೇಲೆ ನಡೆದಾಡಲು ಹಗಲು ಬೇಕು.

ಡಲ್ಲಾಸಿನ ಬಯಲುಸೀಮೆ:

ನಾನು ಒಂದಿಷ್ಟು ಭಿನ್ನಮತವನ್ನು ದಾಖಲಿಸಲೇಬೇಕು. ಟೆಕ್ಸಸ್‌ನಲ್ಲಿ ಬಹುಕಾಲದಿಂದ ಇರುವವನಾದ್ದರಿಂದ ಸ್ಟೇಕ್ ಎಂದರೆ ನನ್ನ ನಾಲಗೆಗೆ ಒಂದು ರೂಢಿಯಿದೆ. ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸಿದ ದನದ ಮಾಂಸದಲ್ಲಿ ಕೊಬ್ಬು ಎಳೆ ಎಳೆಯಾಗಿ ಹರಡಿಕೊಂಡಿರುತ್ತದೆ, ಬಾಯಲ್ಲಿ ಬೆಣ್ಣೆಯಂತೆ ಕರಗುತ್ತದೆ. ಅದನ್ನು ನಿರೀಕ್ಷಿಸಿ ಡಾನ್ ಹೂಲಿಯೊಗೆ ಹೋದ ನನಗೆ ಮೊದಲ ತುತ್ತಿನಲ್ಲಿ ಇಷ್ಟೇನೇ ಎನಿಸಿದ್ದು ನಿಜ. ಮಾಂಸ ಬಿಗಿಯಾಗಿತ್ತು, ಅಗಿಯಬೇಕಿತ್ತು, ಮೇಲೆ ಉಪ್ಪಲ್ಲದೆ ಬೇರೇನೂ ಇರಲಿಲ್ಲ. ಸಾಸ್ ಇಲ್ಲ, ಬೆಣ್ಣೆ ಇಲ್ಲ, ಮೆಣಸು ಕೂಡ ಇಲ್ಲ. ಅರ್ಧ ಊಟ ಮುಗಿಯುವ ಹೊತ್ತಿಗೆ ಮಾಂಸಕ್ಕೇ ಒಂದು ರುಚಿಯಿದೆ ಎಂಬುದು ತಿಳಿಯತೊಡಗಿತು. ಆದರೂ ಆ ಪಟ್ಟಿ, ಆ ನಕ್ಷತ್ರ, ಆ ಸಾಲು ಇವೆಲ್ಲಕ್ಕೂ ತಕ್ಕ ವ್ಯತ್ಯಾಸ ಅಲ್ಲಿಗೂ ಬೀದಿ ಮೂಲೆಯ ಒಳ್ಳೆಯ ಪರಿಶಾಗೂ ಇದೆಯೇ ಎಂಬ ನನ್ನ ಅನುಮಾನ ಇನ್ನೂ ಹೋಗಿಲ್ಲ.

ರಿಯೊಪ್ಲಾಟಾ:

ಬಯಲುಸೀಮೆಯವರೇ, ತಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ಅಳತೆಗೋಲು ಬೇರೆಯಾಗಬೇಕು. ಅಲ್ಲಿ ಬಳಸುವುದು ಪಂಪಾಸ್ ಬಯಲಿನ ಹುಲ್ಲು ಮೇದ ಅಬರ್ಡೀನ್ ಆಂಗಸ್ ಮತ್ತು ಹೆರೆಫೋರ್ಡ್ ತಳಿಗಳ ಮಾಂಸ, ಅದನ್ನು ಕನಿಷ್ಠ 21 ದಿನ ತಣ್ಣನೆಯ ಕೋಣೆಯಲ್ಲಿಟ್ಟು ಹದಮಾಡಿದ ಮೇಲೆ ಒಲೆಗೆ ಏರಿಸುತ್ತಾರೆ. ಅರ್ಜೆಂಟೀನಾದಲ್ಲೂ ಈಗ ಎಲ್ಲ ದನವೂ ಹುಲ್ಲಿನದಲ್ಲ. 1990ರ ದಶಕದ ಕೊನೆಯಿಂದೀಚೆಗೆ ಸೋಯಾ ಬೆಳೆ ಹುಲ್ಲುಗಾವಲುಗಳನ್ನು ನುಂಗುತ್ತಾ ಬಂದು, ದನಗಳನ್ನು ದೊಡ್ಡಿಯಲ್ಲಿ ಕೂಡಿ ಕಾಳು ತಿನ್ನಿಸಿ ಬೆಳೆಸುವುದು ಇಲ್ಲೂ ಸಾಮಾನ್ಯವಾಗಿದೆ. ಹಾಗಾಗಿ ಬೀದಿ ಮೂಲೆಯ ಪರಿಶಾದಲ್ಲಿ ಯಾವ ಮಾಂಸ ಸಿಗುತ್ತದೆಂಬುದು ಆ ದಿನದ ಅದೃಷ್ಟ. ಡಾನ್ ಹೂಲಿಯೊದಲ್ಲಿ ನಾವು ಹೆಚ್ಚಿನ ಹಣ ಕೊಡುವುದು ಆ ಅದೃಷ್ಟವನ್ನು ನೆಚ್ಚಬೇಕಾಗಿಲ್ಲ ಎಂಬುದಕ್ಕೆ.

ಎರಡನೆಯದು ಬೆಂಕಿ. ಸಾಧ್ಯವಾದರೆ ಒಲೆ ಕಾಣುವ ಮೇಜನ್ನು ಕೇಳಿ. ಸೌದೆಯನ್ನು ಮಾಂಸದ ಕೆಳಗೆ ಉರಿಸುವುದಿಲ್ಲ. ಒಲೆಯ ಪಕ್ಕದಲ್ಲಿ ಕಬ್ಬಿಣದ ಬುಟ್ಟಿಯಂಥದೊಂದು ಇರುತ್ತದೆ, ಅದರಲ್ಲಿ ಗಟ್ಟಿ ಸೌದೆಯನ್ನೋ ಇದ್ದಿಲನ್ನೋ ಉರಿಸಿ, ಜ್ವಾಲೆ ಪೂರ್ತಿ ಅಡಗಿ ನಿಗಿನಿಗಿ ಕೆಂಡವಾಗಿ ಕೆಳಗೆ ಉದುರಿದ ಮೇಲೆ, ಅದನ್ನು ಸಲಿಕೆಯಿಂದ ಎಳೆದು ಕಂಬಿಗಳ ಕೆಳಗೆ ತೆಳುವಾಗಿ ಹರಡುತ್ತಾರೆ. ಉತ್ತರದ ಕಾಡುಗಳಿಂದ ಬರುವ ಕೆಬ್ರಾಚೊ ಎಂಬ ಮರದ ಇದ್ದಿಲು ಕಲ್ಲಿನಷ್ಟು ಗಟ್ಟಿ, ಅದರ ಕಾವು ಬಹಳ ಹೊತ್ತು ನಿಲ್ಲುತ್ತದೆ. ಕಂಬಿಗಳೂ ದುಂಡಾಗಿರದೆ ದೋಣಿಯಂತೆ ಮಡಿಸಿದ ಪಟ್ಟಿಗಳಾಗಿರುತ್ತವೆ, ತುಸು ಇಳಿಜಾರಾಗಿ ಇಟ್ಟಿರುವುದರಿಂದ ಕರಗಿದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕದೆ ಮುಂದಿನ ತೊಟ್ಟಿಗೆ ಹರಿದುಹೋಗುತ್ತದೆ. ಕೊಬ್ಬು ಕೆಂಡಕ್ಕೆ ಬಿದ್ದರೆ ಉರಿ ಎದ್ದು ಮಾಂಸಕ್ಕೆ ಮಸಿ ಹಿಡಿಯುತ್ತದೆ, ಹೊಗೆಯ ಕಹಿ ಅಂಟುತ್ತದೆ. ಡಾನ್ ಹೂಲಿಯೊದ ಒಲೆಯನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿರುವವರು ಪೆಪೆ ಸೊತೇಲೊ. ಅವರು ಮಾಂಸವನ್ನು ಬಡಿಯುವುದಾಗಲಿ ಒತ್ತುವುದಾಗಲಿ ಪದೇ ಪದೇ ತಿರುವುವುದಾಗಲಿ ಇಲ್ಲ. ಒಂದು ಮಗ್ಗುಲನ್ನು ಬಹಳ ಹೊತ್ತು ಬಿಟ್ಟು, ಆಮೇಲೆ ಒಂದೇ ಸಲ ತಿರುವುತ್ತಾರೆ. ಅಂಗೈಯನ್ನು ಕಂಬಿಯ ಮೇಲೆ ಹಿಡಿದು ಕಾವನ್ನು ಅಳೆಯುವುದನ್ನು ನೋಡಿದರೆ, ಹಳ್ಳಿಯ ಮನೆಗಳಲ್ಲಿ ಅಜ್ಜಿಯಂದಿರು ಕಾವಲಿಯ ಮೇಲೆ ಕೈ ಹಿಡಿದು ಹದ ನೋಡುತ್ತಿದ್ದ ಹಾಗೆಯೇ ಕಾಣುತ್ತದೆ.

ಹಳೇಮೈಸೂರು:

ಏನನ್ನು ತರಿಸಿಕೊಳ್ಳಬೇಕು ಎಂಬುದಕ್ಕೆ ಯಾರೂ ಇನ್ನೂ ಉತ್ತರಿಸಿಲ್ಲವಾದ್ದರಿಂದ ನಾನು ಹೇಳುತ್ತೇನೆ. ದೊಡ್ಡ ತುಂಡಿಗೆ ನೇರವಾಗಿ ಹೋಗಬೇಡಿ. ಒಳಾಂಗಗಳಿಂದ ಆರಂಭಿಸಿ, ಏಕೆಂದರೆ ಒಲೆಯ ಕೈಚಳಕ ತಿಳಿಯುವುದು ಅಲ್ಲಿಯೇ. ಮೊಶೇಹಾಸ್ ಎಂದು ಕರೆಯುವುದು ಎಳೆಗರುವಿನ ಕತ್ತಿನ ಬಳಿಯ ಗ್ರಂಥಿ. ಹೊರಗೆ ಗರಿಗರಿಯಾದ ಹೊಂಬಣ್ಣದ ಪದರ, ಒಳಗೆ ಗಿಣ್ಣಿನಷ್ಟು ಮೆತ್ತಗೆ. ಅದರ ಮೇಲೆ ನಿಂಬೆಹಣ್ಣು ಹಿಂಡಿ ತಿನ್ನುತ್ತಾರೆ, ಅಷ್ಟೇ. ಚಿಂಚುಲೀನೆಸ್ ಎಂದರೆ ನಮ್ಮ ಬೋಟಿಯೇ, ಗೊಜ್ಜಿಗೆ ಹಾಕುವ ಬದಲು ಕೆಂಡದ ಮೇಲೆ ಹಪ್ಪಳದ ಹದಕ್ಕೆ ಬರುವವರೆಗೆ ನಿಧಾನವಾಗಿ ಸುಟ್ಟಿರುತ್ತಾರೆ. ಮಂಡ್ಯ ಮೈಸೂರು ಕಡೆಯವರು ಬೋಟಿ ತಿಂದೇ ಬೆಳೆದಿರುವುದರಿಂದ ಹಿಂಜರಿಯುವ ಅಗತ್ಯವಿಲ್ಲ. ಮೊರ್ಸೀಶಾ ರಕ್ತದಿಂದ ಮಾಡಿದ ಸಾಸೇಜು, ಅದು ಎಲ್ಲರಿಗೂ ಒಗ್ಗುವುದಿಲ್ಲ. ಚೊರೀಸೊ ಮಾತ್ರ ಎಲ್ಲರಿಗೂ ಹಿಡಿಸುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಹಂದಿಯ ಜೊತೆ ದನದ ಮಾಂಸವೂ ಬೆರೆತಿರುತ್ತದೆಂಬುದನ್ನು ತಮ್ಮ ನಾದಿನಿಯವರಿಗೆ ಮೊದಲೇ ಹೇಳಿಬಿಡಿ.

ಆಮೇಲೆ ಮಾಂಸ. ಸೊಂಟದ ಭಾಗದ ದಪ್ಪನೆಯ ತುಂಡಾದ ಬೀಫೆ ದೆ ಚೊರೀಸೊ ಅಲ್ಲಿನ ಹೆಗ್ಗುರುತು. ಹೆಸರಿನಲ್ಲಿ ಚೊರೀಸೊ ಇದ್ದರೂ ಸಾಸೇಜಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಅಂಚಿನಲ್ಲಿ ಬೆರಳ ದಪ್ಪದ ಕೊಬ್ಬಿನ ಪಟ್ಟಿ ಇರುತ್ತದೆ, ಅದನ್ನು ಕತ್ತರಿಸಿ ತಟ್ಟೆಯ ಬದಿಗೆ ಸರಿಸಿದರೆ ಊಟದ ಅರ್ಧ ರುಚಿಯನ್ನು ಸರಿಸಿದ ಹಾಗೆ. ಆದರೆ ನನ್ನ ಒಲವು ಎಂತ್ರಾನ್ಯಾದ ಕಡೆಗೆ. ಅದು ವಪೆಯ ಭಾಗದ ತೆಳುವಾದ, ಉದ್ದುದ್ದ ಎಳೆಗಳ ಮಾಂಸ. ಜೋರು ಕೆಂಡದ ಮೇಲೆ ಕೆಲವೇ ನಿಮಿಷ ಸಾಕು, ಒಂದು ನಿಮಿಷ ಹೆಚ್ಚಾದರೂ ಚರ್ಮದಂತಾಗುತ್ತದೆ. ಅದಕ್ಕೆ ತದ್ವಿರುದ್ಧವಾದದ್ದು ಹೊಟ್ಟೆಯ ಪಕ್ಕೆಯ ವಸೀಯೊ, ಅದು ಮಂದ ಕಾವಿನಲ್ಲಿ ಗಂಟೆಗಟ್ಟಲೆ ಬೇಯಬೇಕು. ಪಕ್ಕೆಲುಬುಗಳನ್ನು ಅಡ್ಡಕ್ಕೆ ಗರಗಸದಿಂದ ಕೊಯ್ದ ಅಸಾದೊ ದೆ ತೀರಾ ಎಲುಬು ಕಚ್ಚಿ ತಿನ್ನುವವರಿಗೆ. ಬೆನ್ನೊಳಗಿನ ಲೋಮೊ ಅತಿ ಮೃದು, ಅತಿ ದುಬಾರಿ, ಮತ್ತು ನನ್ನ ಮಟ್ಟಿಗೆ ಅತಿ ಸಪ್ಪೆ.

ಹಸಿರುತಟ್ಟೆ:

ಗಂಡ ಮತ್ತು ಮಕ್ಕಳು ಮಾಂಸ ತಿನ್ನುವಾಗ ಎದುರು ಕುಳಿತು ಉಂಡೆದ್ದ ಸಸ್ಯಾಹಾರಿಯಾಗಿ ತಮ್ಮ ಹೆಂಡತಿಯವರ ಪರವಾಗಿ ಬರೆಯುತ್ತಿದ್ದೇನೆ. ಹೊಟ್ಟೆ ತುಂಬುತ್ತದೆ, ಚೆನ್ನಾಗಿಯೂ ತುಂಬುತ್ತದೆ, ಆದರೆ ಕೆಲವು ಪ್ರಶ್ನೆಗಳನ್ನು ಕೇಳಿಯೇ ತಟ್ಟೆಗೆ ಕೈ ಹಾಕಬೇಕು.

ಇಟಲಿಯಿಂದ ವಲಸೆ ಬಂದವರು ಈ ದೇಶದ ಕೆಂಡಕ್ಕೆ ಕೊಟ್ಟ ಕಾಣಿಕೆ ಪ್ರೊವೊಲೆತಾ. ಪ್ರೊವೊಲೋನೆ ಎಂಬ ಚೀಸಿನ ದಪ್ಪ ಬಿಲ್ಲೆಯನ್ನು ಕೆಂಡದ ಮೇಲಿಟ್ಟು, ಮೇಲ್ಪದರ ಗರಿಯಾಗಿ ಒಳಗೆ ಜಿನುಗತೊಡಗಿದಾಗ ಒರೆಗಾನೊ ಮತ್ತು ಒಣಮೆಣಸಿನ ತರಿ ಉದುರಿಸಿ ತರುತ್ತಾರೆ. ತಣ್ಣಗಾದರೆ ರಬ್ಬರಿನಂತಾಗುತ್ತದೆ, ಬಂದ ಕೂಡಲೇ ಬ್ರೆಡ್ಡಿನ ಜೊತೆ ತಿನ್ನಬೇಕು. ಆದರೆ ಚೀಸನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ರೆನೆಟ್ ಬಳಸಿರುವ ಸಾಧ್ಯತೆ ಇದೆ, ಅದನ್ನು ವರ್ಜಿಸುವವರು ಪ್ರೊವೊಲೆತಾವನ್ನು ಬಿಡಬೇಕಾಗುತ್ತದೆ. ಎಂಪನಾದಾದ ಹೂರಣ ಜೋಳದ್ದೇ ಆಗಿದ್ದರೂ, ಹೊರಗಿನ ಕಣಕವನ್ನು ಸಂಪ್ರದಾಯದಂತೆ ದನದ ಕೊಬ್ಬು ಹಾಕಿ ನಾದಿರುತ್ತಾರೆ. ಸಾಲಿನಲ್ಲಿ ನಿಂತವರಿಗೆ ಪ್ರೀತಿಯಿಂದ ಕೊಡುವಾಗ ಯಾರೂ ಇದನ್ನು ಹೇಳುವುದಿಲ್ಲ. ಕೆಲವು ಪರಿಶಾಗಳಲ್ಲಿ ಆಲೂಗಡ್ಡೆಯನ್ನು ಕರಿಯುವುದೂ ದನದ ಕೊಬ್ಬಿನಲ್ಲೇ. ಕೆಂಡದಲ್ಲಿ ಸುಟ್ಟ ದೊಣ್ಣೆಮೆಣಸಿನಕಾಯಿ, ಬದನೆಕಾಯಿ, ಕುಂಬಳಕಾಯಿಗಳೂ ಮಾಂಸ ಸುಟ್ಟ ಅದೇ ಕಂಬಿಗಳ ಮೇಲೆ ಬೆಂದವು. ನನಗೆ ಅದರಿಂದ ತೊಂದರೆಯಿಲ್ಲ, ತಮ್ಮ ಮನೆಯವರಿಗೆ ಇದ್ದರೆ ಸಲಾಡುಗಳನ್ನು ನೆಚ್ಚಿಕೊಳ್ಳಲಿ. ಮಾರ್ಚ್ ಅಲ್ಲಿ ಬೇಸಿಗೆಯ ಕೊನೆ, ಟೊಮೆಟೊ ಹಣ್ಣು ರುಚಿಯಾಗಿರುವ ಕಾಲ. ಕೊನೆಗೆ ಫ್ಲಾನ್ ತರಿಸಿಕೊಳ್ಳಿ: ಹಾಲು, ಮೊಟ್ಟೆ, ಸಕ್ಕರೆಯ ಕಡುಬು, ಪಕ್ಕದಲ್ಲಿ ಹಾಲನ್ನು ಸಕ್ಕರೆಯೊಂದಿಗೆ ಕಂದುಬಣ್ಣಕ್ಕೆ ಬತ್ತಿಸಿದ ದುಲ್ಸೆ ದೆ ಲೇಚೆ. ಅದನ್ನು ನಾಲ್ವರೂ ಒಂದೇ ತಟ್ಟೆಯಿಂದ ತಿನ್ನಬಹುದು.

ವೇದಿಕೆ ನಿರ್ವಾಹಕ:

ದನದ ಮಾಂಸವನ್ನು ತಿನ್ನಬೇಕೇ ಬೇಡವೇ ಎಂಬ ವಾಗ್ವಾದದ ಕೆಲವು ಪ್ರತಿಕ್ರಿಯೆಗಳನ್ನು ತೆಗೆದುಹಾಕಲಾಗಿದೆ. ತಿನ್ನುವವರು, ತಿನ್ನದವರು ಇಬ್ಬರಿಗೂ ಪ್ರಶ್ನೆ ಕೇಳಿದವರು ಸ್ಥಳ ಕೊಟ್ಟಿದ್ದಾರೆ. ದಯವಿಟ್ಟು ವಿಷಯಕ್ಕೇ ಅಂಟಿಕೊಳ್ಳಿ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಹಸಿರುತಟ್ಟೆಯವರು ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಕಂಬಿಯ ಬಗ್ಗೆ ಆಕ್ಷೇಪವಿಲ್ಲ, ಕಣಕದ ಬಗ್ಗೆ ಇದೆ ಎಂಬ ತೀರ್ಪು ಬಂದಿದೆ. ನನ್ನದು ಇನ್ನೊಂದು ಪ್ರಶ್ನೆ. ತಮ್ಮನಿಗೆ ಒಳಗೆ ಕೆಂಪಾಗಿರುವ ಮಾಂಸವನ್ನು ಕಂಡರೆ ಆಗುವುದಿಲ್ಲ, ಚೆನ್ನಾಗಿ ಬೇಯಿಸಿಕೊಡಿ ಎಂದರೆ ಅಲ್ಲಿ ಅವಮಾನವೆಂದು ಭಾವಿಸುತ್ತಾರೆಯೇ?

ಕರಾವಳಿಯ ಅಡುಗೆಮನೆ:

ಖಂಡಿತ ಇಲ್ಲ. ಅರ್ಜೆಂಟೀನಾದವರು ಮನೆಗಳಲ್ಲಿ ಭಾನುವಾರದ ಅಸಾದೊ, ಅಂದರೆ ಕೆಂಡದ ಮೇಲಿನ ಮಾಂಸದೂಟ, ಮಾಡುವಾಗ ಮಾಂಸವನ್ನು ಚೆನ್ನಾಗಿಯೇ ಬೇಯಿಸುತ್ತಾರೆ, ನಸುಗೆಂಪು ಕೂಡ ಉಳಿಯದಂತೆ ತಿನ್ನುವವರು ಅಲ್ಲಿ ಧಾರಾಳವಾಗಿದ್ದಾರೆ. ರಸಭರಿತವಾಗಿ ಬೇಕಾದರೆ ಹುಗೋಸೊ, ನಡುವಿನ ಹದಕ್ಕೆ ಆ ಪುಂತೊ, ಪೂರ್ತಿ ಬೇಯಿಸಲು ಬ್ಯೆನ್ ಕೊಸೀದೊ ಎನ್ನಬೇಕು. ಅಮೆರಿಕದಲ್ಲಿ ನಡುವಿನ ಹದವೆಂದು ಕರೆಯುವುದಕ್ಕಿಂತ ಅಲ್ಲಿನ ಆ ಪುಂತೊ ಹೆಚ್ಚು ಬೆಂದಿರುತ್ತದೆ, ಹಾಗಾಗಿ ಒಳಗೆ ಗುಲಾಬಿ ಬಣ್ಣ ಬೇಕೆನ್ನುವವರು ಹುಗೋಸೊ ಎಂದೇ ಹೇಳುವುದು ಕ್ಷೇಮ. ತಟ್ಟೆಗೆ ಇಳಿಯುವ ಕೆಂಪು ನೀರು ರಕ್ತವಲ್ಲ, ಸ್ನಾಯುವಿನಲ್ಲಿರುವ ಮಯೊಗ್ಲೋಬಿನ್ ಎಂಬ ಪ್ರೋಟೀನು ಬೆರೆತ ನೀರು ಎಂಬುದನ್ನು ತಮ್ಮನಿಗೆ ಹೇಳಿ ನೋಡಿ. ಅದರಿಂದ ಅವರ ಮನಸ್ಸು ಬದಲಾಗುತ್ತದೆಂಬ ಭರವಸೆ ನನಗಿಲ್ಲ. ಮಂಗಳೂರಿನ ನಮ್ಮ ಮನೆಯಲ್ಲಿ ಮಾಂಸವೆಂದರೆ ಎಲುಬಿನಿಂದ ಕಳಚಿ ಬೀಳುವವರೆಗೆ ಬೇಯಲೇಬೇಕು, ನನ್ನ ತಂದೆಯವರು ಇಂದಿಗೂ ಒಪ್ಪಿಲ್ಲ.

ಅಂಥವರಿಗೆ ಸೊಂಟದ ತುಂಡನ್ನು ಬ್ಯೆನ್ ಕೊಸೀದೊ ಮಾಡಿಸಿ ಒಣಗಿಸುವುದಕ್ಕಿಂತ, ಸಹಜವಾಗಿಯೇ ಬಹಳ ಹೊತ್ತು ಬೇಯುವ ವಸೀಯೊ ಅಥವಾ ಪಕ್ಕೆಲುಬನ್ನು ತರಿಸುವುದೇ ಜಾಣತನ. ಇಬ್ಬರ ಹದವೂ ಉಳಿಯುತ್ತದೆ. ಇನ್ನೊಂದು ಮಾತು, ಚಿಮಿಚುರ್ರಿಯನ್ನು ನಮ್ಮ ಚಟ್ನಿಯೆಂದು ಭಾವಿಸಿ ಮಾಂಸದ ಮೇಲೆ ಸುರಿಯಬೇಡಿ. ಪಾರ್ಸ್ಲಿ, ಬೆಳ್ಳುಳ್ಳಿ, ಒರೆಗಾನೊ, ವಿನೆಗರ್, ಎಣ್ಣೆ ಬೆರೆಸಿದ ಅದನ್ನು ಅಲ್ಲಿಯವರು ಹೆಚ್ಚಾಗಿ ಸಾಸೇಜಿಗೆ ಹಾಕಿಕೊಳ್ಳುತ್ತಾರೆ. ಖಾರವೂ ಇರುವುದಿಲ್ಲ. ಬ್ಯಾಗಿನಲ್ಲಿ ಉಪ್ಪಿನಕಾಯಿ ಪೊಟ್ಟಣ ಒಯ್ಯುವವರನ್ನು ನಾನು ಕಂಡಿದ್ದೇನೆ, ಮೊದಲ ನಾಲ್ಕು ತುತ್ತುಗಳವರೆಗಾದರೂ ಅದು ಬ್ಯಾಗಿನಲ್ಲೇ ಇರಲಿ.

ಹಳೆಯ ಪುಟಗಳು:

ಟೆಕ್ಸಸ್ಸಿನವರ ಅನುಮಾನಕ್ಕೆ ಇತಿಹಾಸದಲ್ಲೂ ಒಂದು ಉತ್ತರವಿದೆ. ಈ ದೇಶದಲ್ಲಿ ಮಾಂಸಕ್ಕೆ ಉಪ್ಪಲ್ಲದೆ ಬೇರೇನೂ ಬೇಡವೆಂಬ ನಿಲುವು ಹೋಟೆಲುಗಳು ಕಟ್ಟಿದ್ದಲ್ಲ. ಸ್ಪೇನಿನವರು ತಂದುಬಿಟ್ಟ ದನಗಳು ಪಂಪಾಸ್ ಬಯಲಿನಲ್ಲಿ ಲೆಕ್ಕವಿಲ್ಲದಷ್ಟು ಬೆಳೆದು ಕಾಡುದನಗಳಾದವು. ಗೌಚೊಗಳೆಂಬ ಕುದುರೆ ಸವಾರರು ಅವುಗಳನ್ನು ಬೇಟೆಯಾಡುತ್ತಿದ್ದುದು ಮುಖ್ಯವಾಗಿ ಚರ್ಮಕ್ಕಾಗಿ, ಬೇಕಾದಷ್ಟನ್ನು ಬಯಲಿನಲ್ಲೇ ಸುಟ್ಟು ತಿಂದು ಉಳಿದದ್ದನ್ನು ಬಿಟ್ಟುಹೋಗುತ್ತಿದ್ದರು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಉಪ್ಪು ಹಾಕಿ ಒಣಗಿಸಿದ ಮಾಂಸ ಬ್ರೆಜಿಲ್ ಮತ್ತು ಕ್ಯೂಬಾದ ತೋಟಗಳಿಗೆ, ಗುಲಾಮರ ಆಹಾರವಾಗಿ ಹೋಗುತ್ತಿತ್ತು. 1876ರಲ್ಲಿ ಲ ಫ್ರಿಗೊರಿಫಿಕ್ ಎಂಬ ಹಡಗು ಫ್ರಾನ್ಸಿನಿಂದ ಬ್ಯೂನಸ್ ಐರಿಸ್‌ಗೆ ಬಂದು, ಮಾಂಸವನ್ನು ತಣ್ಣಗಿಟ್ಟು ಸಾಗರ ದಾಟಿಸಬಹುದೆಂದು ತೋರಿಸಿತು. ಅಲ್ಲಿಂದ ಮುಂದೆ ಬ್ರಿಟನ್ನಿನ ಮಾರುಕಟ್ಟೆಗೆ ಒಪ್ಪುವ ಮಾಂಸ ಬೇಕಾಯಿತು, ಆದ್ದರಿಂದ ಬ್ರಿಟನ್ನಿನ ಹೆರೆಫೋರ್ಡ್, ಆಂಗಸ್, ಶಾರ್ಟ್‌ಹಾರ್ನ್ ತಳಿಗಳು ಬಯಲನ್ನು ತುಂಬಿದವು. ಇಂದು ಡಾನ್ ಹೂಲಿಯೊದ ತಟ್ಟೆಯಲ್ಲಿರುವುದು ಹೀಗೆ ಗೌಚೊನ ಕೆಂಡ ಮತ್ತು ಲಂಡನ್ನಿನ ಬೇಡಿಕೆ ಎರಡೂ ಕೂಡಿದ ಊಟ.

ಈಗ ಅರ್ಜೆಂಟೀನಾದವರೇ ಮೊದಲಿನಷ್ಟು ತಿನ್ನುತ್ತಿಲ್ಲ. 2024ರಲ್ಲಿ ತಲಾ ಬಳಕೆ ವರ್ಷಕ್ಕೆ 50 ಕಿಲೊಗಿಂತ ಕೆಳಗೆ ಇಳಿಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ನಗರದೊಳಗೇ ಇದ್ದ ಲಿನಿಯೆರ್ಸ್ ದನದ ಸಂತೆಯೂ 2022ರಲ್ಲಿ ಹೊರವಲಯದ ಕಾನ್ಯುವೆಲಾಸ್‌ಗೆ ಸ್ಥಳಾಂತರವಾಯಿತು.

ಡಲ್ಲಾಸಿನ ಬಯಲುಸೀಮೆ:

ಬೆಂಕಿಯ ವಿವರಣೆಗೂ ಇತಿಹಾಸಕ್ಕೂ ವಂದನೆಗಳು. ಕೊಬ್ಬಿನ ಅಳತೆಗೋಲನ್ನು ಕೆಳಗಿಡುತ್ತೇನೆ. ಆದರೆ ಮೂಲ ಪ್ರಶ್ನೆ ಹಾಗೇ ಇದೆ: ತಿನ್ನಲು ಒಂದೇ ಅವಕಾಶವಿರುವ ಪ್ರವಾಸಿ ಅಲ್ಲಿಗೇ ಏಕೆ ಹೋಗಬೇಕು? ಸಾನ್ ತೆಲ್ಮೊ ಬಡಾವಣೆಯ ಲಾ ಬ್ರಿಗಾದಾದಲ್ಲಿ ಪರಿಚಾರಕರು ಮಾಂಸವನ್ನು ಚಮಚದ ಅಂಚಿನಿಂದ ಕತ್ತರಿಸಿ ತೋರಿಸುತ್ತಾರೆ, ಗೋಡೆಯ ತುಂಬ ಫುಟ್‌ಬಾಲಿನ ಅಂಗಿಗಳಿವೆ. ಪಲೆರ್ಮೊದಲ್ಲೇ ಲಾ ಕಬ್ರೆರಾ ಇದೆ, ಮಾಂಸದ ಸುತ್ತ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ನಂಚಿಕೆಗಳನ್ನು ಇಡುತ್ತಾರೆ, ಅದು ನಮ್ಮವರಿಗೆ ಹೆಚ್ಚು ಹಿಡಿಸೀತು. ಇನ್ನು ಕೋಸ್ತನೇರಾ ಸೂರ್ ದಂಡೆಯ ಗಾಡಿಗಳಲ್ಲಿ ಸುಟ್ಟ ಚೊರೀಸೊವನ್ನು ಬ್ರೆಡ್ಡಿನಲ್ಲಿಟ್ಟು ಕೊಡುವ ಚೊರಿಪಾನ್ ತಿಂದರೆ ಜೇಬಿಗೂ ಹಗುರ.

ರಿಯೊಪ್ಲಾಟಾ:

ಎಲ್ಲವೂ ನಿಜ, ಅಲ್ಲಿಗೂ ಹೋಗಿ. ಚಮಚದ ಪ್ರದರ್ಶನ ನನಗೆ ಒಮ್ಮೆ ನೋಡಲು ಸಾಕೆನಿಸುತ್ತದೆ. ಮೃದುವಾಗಿರುವುದೇ ಮಾಂಸದ ದೊಡ್ಡ ಗುಣವೆಂದು ನಾನು ಒಪ್ಪುವುದಿಲ್ಲ. ಲೋಮೊವನ್ನು ಹಳೇಮೈಸೂರಿನವರು ಸಪ್ಪೆಯೆಂದದ್ದೂ ಅದಕ್ಕೇ. ಡಾನ್ ಹೂಲಿಯೊವನ್ನು ನಾನು ಮುಂದಿಡುವುದು ಬೇರೊಂದು ಕಾರಣಕ್ಕೆ. ಅಲ್ಲಿ ಒಂದು ಮೇಜಿಗೆ ಬೇರೆ ಬೇರೆ ಹೊತ್ತು ಬೇಕಾದ ತುಂಡುಗಳನ್ನು ಒಂದರ ಹಿಂದೆ ಒಂದರಂತೆ ಸರಿಯಾದ ಹದದಲ್ಲಿ, ಬಿಸಿಯಾಗಿಯೇ ತಂದಿಡುತ್ತಾರೆ. ಕೆಲವೇ ನಿಮಿಷದ ಎಂತ್ರಾನ್ಯಾ ಮತ್ತು ಗಂಟೆಗಟ್ಟಲೆಯ ವಸೀಯೊ ಎರಡನ್ನೂ ತುಂಬಿ ತುಳುಕುವ ರಾತ್ರಿಯಲ್ಲಿ ಕೆಡಿಸದೆ ಕೊಡುವುದು ಎಷ್ಟು ಕಷ್ಟವೆಂಬುದು, ಹೆಸರಿಲ್ಲದ ಹೋಟೆಲೊಂದರಲ್ಲಿ ಎಲ್ಲವೂ ಒಂದೇ ತಟ್ಟೆಯಲ್ಲಿ ಆರಿ ಬಂದಾಗ ನನಗೆ ಅರಿವಾಗಿದೆ. ತಮ್ಮಂಥ ನಾಲ್ಕು ಬಗೆಯ ನಾಲ್ವರಿಗೆ ಇದೇ ಮುಖ್ಯ. ಅಲ್ಲಿ ಪರಿಚಾರಕರಿಗೆ ತಮ್ಮ ಗುಂಪಿನ ಸಂಗತಿಯನ್ನು ಕುಳಿತ ಕೂಡಲೇ ಬಿಡಿಸಿ ಹೇಳಿ, ಏನು ಯಾವಾಗ ಬರಬೇಕೆಂಬುದನ್ನು ಅವರಿಗೇ ಬಿಡಿ. ಆತುರಪಡಿಸಿದರೆ ಕೆಡುವುದು ನಮ್ಮ ಊಟವೇ.

ದ್ರಾಕ್ಷಿಬಳ್ಳಿ:

ವೈನಿನ ಬಗ್ಗೆ ಎರಡೇ ಮಾತು. ರಿವೆರೊ ಸ್ವತಃ ವೈನ್ ಬಲ್ಲವರು, ನೆಲಮಾಳಿಗೆಯಲ್ಲಿ ಸಾವಿರಾರು ಬಾಟಲಿಗಳಿವೆ, ಪಟ್ಟಿಯನ್ನು ನೋಡಿ ಗಾಬರಿಯಾಗುವ ಬದಲು ತಮ್ಮ ಖರ್ಚಿನ ಮಿತಿಯನ್ನು ಬೆರಳಿಟ್ಟು ತೋರಿಸಿ ಆಯ್ಕೆಯನ್ನು ಅವರಿಗೇ ಬಿಡುವುದು ಮೇಲು. ಫ್ರೆಂಚ್ ಕೃಷಿತಜ್ಞ ಮಿಷೆಲ್ ಪುಜೆ 1853ರಲ್ಲಿ ಅರ್ಜೆಂಟೀನಾಕ್ಕೆ ತಂದ ಮಾಲ್ಬೆಕ್ ಎಂಬ ದ್ರಾಕ್ಷಿಬಳ್ಳಿ ತಾಯ್ನಾಡಿಗಿಂತ ಇಲ್ಲಿನ ಮೆಂಡೋಸಾ ಪ್ರಾಂತ್ಯದ ಎತ್ತರದ, ಒಣ ಹವೆಯಲ್ಲಿ ಚೆನ್ನಾಗಿ ಹಿಡಿಯಿತು. ಆ ಪ್ರಾಂತ್ಯದ ಊಕೊ ಕಣಿವೆಯ ಮಾಲ್ಬೆಕ್ ವೈನಿನ ಹುಳಿ ಕೊಬ್ಬಿನ ಜಿಡ್ಡನ್ನು ಕಡಿಯುತ್ತದೆ. ಕುಡಿಯದವರಿಗೆ ಸೋಡಾ ಬಾಟಲಿ ಸಿಗುತ್ತದೆ, ಅದೂ ಅಲ್ಲಿನ ಸಂಪ್ರದಾಯವೇ.

ಲೆಕ್ಕಪತ್ರ:

ಬೆಲೆಯನ್ನು ಯಾರೂ ಬರೆಯದಿರುವುದು ಒಳ್ಳೆಯದೇ ಆಯಿತು. 2023ರಲ್ಲಿ ಆ ದೇಶದ ಹಣದುಬ್ಬರ ಶೇಕಡಾ 211ರಷ್ಟಿತ್ತು, ಆಗಿನ ಪೆಸೊ ಬೆಲೆಗಳನ್ನು ಇಂದು ನೆಚ್ಚುವಂತಿಲ್ಲ. ಕರಾಳ ಮಾರುಕಟ್ಟೆಯಲ್ಲಿ ಡಾಲರ್ ಬದಲಾಯಿಸಿ ಅರ್ಧ ಬೆಲೆಗೆ ಉಂಡೆವೆಂಬ ಹಳೆಯ ಕಥೆಗಳನ್ನೂ ಮರೆತುಬಿಡಿ. 2025ರ ಏಪ್ರಿಲ್‌ನಲ್ಲಿ ಜನಸಾಮಾನ್ಯರ ಮೇಲಿದ್ದ ವಿದೇಶಿ ವಿನಿಮಯದ ನಿರ್ಬಂಧಗಳನ್ನು ಬಹುಮಟ್ಟಿಗೆ ತೆಗೆದ ಮೇಲೆ ಆ ಅಂತರ ಹೆಚ್ಚು ಉಳಿದಿಲ್ಲ. ಹೊರಡುವ ವಾರದಲ್ಲಿ ಹೋಟೆಲಿನ ಊಟದ ಪಟ್ಟಿಯನ್ನೇ ನೋಡಿಕೊಳ್ಳಿ. ಹಲವು ಹೋಟೆಲುಗಳ ಬಿಲ್ಲಿನಲ್ಲಿ ಕುಬ್ಯೆರ್ತೊ ಎಂದು ಬ್ರೆಡ್ಡು ಮತ್ತು ಮೇಜಿನ ಲೆಕ್ಕಕ್ಕೆ ತಲೆಗಿಷ್ಟು ಎಂದು ಸೇರಿಸುತ್ತಾರೆ, ಅದು ಭಕ್ಷೀಸಲ್ಲ. ಭಕ್ಷೀಸು ಶೇಕಡಾ 10, ನಗದಾಗಿ ಕೊಟ್ಟರೆ ಎಲ್ಲರಿಗೂ ಸುಲಭ.

ತುಂಗಾತೀರ:

ಮಧ್ಯಾಹ್ನಕ್ಕೆ ಮೇಜು ಸಿಕ್ಕಿದೆ. ಇಷ್ಟೆಲ್ಲ ಓದಿದ ಮೇಲೆ ಹೀಗೆ ಯೋಚಿಸಿದ್ದೇನೆ: ಒಂದು ಪ್ರೊವೊಲೆತಾ, ಒಂದು ಮೊಶೇಹಾಸ್, ಒಂದು ಚಿಂಚುಲೀನೆಸ್, ಇಬ್ಬರಿಗೆ ಎರಡು ಬೀಫೆ ದೆ ಚೊರೀಸೊ, ಒಂದು ಎಂತ್ರಾನ್ಯಾ, ತಮ್ಮನ ಸಲುವಾಗಿ ಒಂದು ವಸೀಯೊ, ಅವನ ಹೆಂಡತಿಗೆ ಹಂದಿಯದ್ದೋ ಕೋಳಿಯದ್ದೋ ಆ ದಿನ ಇದ್ದದ್ದು, ಸುಟ್ಟ ತರಕಾರಿ, ಟೊಮೆಟೊ ಸಲಾಡು, ಆಲೂಗಡ್ಡೆ, ಫ್ಲಾನ್. ಸರಿಯಿದೆಯೇ?

ರಿಯೊಪ್ಲಾಟಾ:

ಮದುವೆಮನೆಗೆ ಸಾಲುವಷ್ಟಾಯಿತು. ಒಂದು ಬೀಫೆ ದೆ ಚೊರೀಸೊ ಎಂದರೆ ನಾನೂರು ಐನೂರು ಗ್ರಾಂ ಮಾಂಸ, ಅದನ್ನು ಇಬ್ಬರು ಹಂಚಿಕೊಳ್ಳುವುದೇ ಇಲ್ಲಿನ ರೂಢಿ. ದನದ ಮಾಂಸ ತಿನ್ನುವವರು ಇಬ್ಬರೇ ಇರುವಾಗ ಬೀಫೆ ಮತ್ತು ಚಿಂಚುಲೀನೆಸ್ ಎರಡನ್ನೂ ಪೂರ್ತಿ ಬಿಡಿ, ಎಂತ್ರಾನ್ಯಾ ತಮಗಿರಲಿ, ವಸೀಯೊ ತಮ್ಮನಿಗಿರಲಿ, ಮೊಶೇಹಾಸ್ ಇಬ್ಬರ ನಡುವೆ ಇರಲಿ. ಬೀಫೆಯನ್ನು ತಿನ್ನದೆ ಮನಸ್ಸು ಕೇಳದಿದ್ದರೆ ಎಂತ್ರಾನ್ಯಾದ ಬದಲಿಗೆ ಅದನ್ನು ಹುಗೋಸೊ ಎಂದು ಹೇಳಿ ತರಿಸಿಕೊಳ್ಳಿ. ಆಲೂಗಡ್ಡೆಯನ್ನು ಯಾವುದರಲ್ಲಿ ಕರಿಯುತ್ತಾರೆಂದು ಕೇಳುವುದನ್ನು ಮರೆಯಬೇಡಿ. ಹಂದಿ, ಕೋಳಿ ಆ ದಿನ ಪಟ್ಟಿಯಲ್ಲಿ ಇವೆಯೇ ಎಂಬುದನ್ನು ಮೇಜು ಖಚಿತಪಡಿಸುವಾಗಲೇ ಬರೆದು ಕೇಳಿಬಿಡಿ, ಇಲ್ಲವಾದರೆ ತಮ್ಮ ನಾದಿನಿಯವರಿಗೂ ಪ್ರೊವೊಲೆತಾವೇ ಗತಿ, ಆಗ ಒಂದರ ಬದಲು ಎರಡು ಹೇಳಬೇಕಾಗುತ್ತದೆ.